16 ಪುಟ ಸಾಕು

ಓದುಗರ ಪತ್ರ: ನಾನು ಪೂರ್ತಿ ಹೊತ್ತಿನ ಕೆಲಸದಲ್ಲಿದ್ದೇನೆ. ಬರೆದಿಟ್ಟ ಹನ್ನೊಂದು ಪ್ರಬಂಧಗಳಿವೆ. ಪ್ರಕಾಶಕರ ಹತ್ತಿರ ಹೋಗದೆ ನಾನೇ ಒಂದು ಝೀನ್ (ಸ್ವಂತವಾಗಿ ಮಾಡಿ ಹಂಚುವ ಪುಟ್ಟ ಪತ್ರಿಕೆ) ಮಾಡಿ ತಿಂಗಳಿಗೊಮ್ಮೆ ಹಂಚಬೇಕು ಅಂತ ಆಸೆ. ಆದರೆ ಸಂಜೆ ಮನೆಗೆ ಬಂದರೆ ಯಾವುದಕ್ಕೂ ತ್ರಾಣ ಇರುವುದಿಲ್ಲ. ಸಮಯ ಹೊಂದಿಸುವುದು ಹೇಗೆ? ಎಷ್ಟು ಪ್ರತಿ ಮಾಡಲಿ? ಆಫೀಸಿನಲ್ಲಿ ಹೇಳಬೇಕೇ? ನಮ್ಮ ಬರಹವನ್ನು ನಾವೇ ಅಚ್ಚು ಹಾಕಿಸಿಕೊಳ್ಳುವುದು ನಾಚಿಕೆಯ ವಿಷಯ ಅಲ್ವಾ?
– ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ನಾಚಿಕೆ ಯಾಕೆ? ಕನ್ನಡದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇಂಗ್ಲಿಷ್ ಲೇಖಕರಾದ ವರ್ಜೀನಿಯಾ ವುಲ್ಫ್, ಲಿಯೊನಾರ್ಡ್ ವುಲ್ಫ್ ದಂಪತಿ 1917ರಲ್ಲಿ ಕೈಯಿಂದ ನಡೆಸುವ ಪುಟ್ಟ ಅಚ್ಚಿನ ಯಂತ್ರವನ್ನು ಮನೆಯ ಊಟದ ಕೋಣೆಯಲ್ಲೇ ಇಟ್ಟುಕೊಂಡು ಶುರು ಮಾಡಿದರು. ಮೊದಲ ಪುಸ್ತಕ ಸುಮಾರು 150 ಪ್ರತಿ. ಅದರಲ್ಲಿ ಇದ್ದದ್ದು ಇಬ್ಬರದೂ ಒಂದೊಂದು ಕತೆ, ಅಷ್ಟೇ. ಝೀನ್ ಹುಟ್ಟಿದ್ದೂ ಹೀಗೆಯೇ. 1930ರ ದಶಕದಲ್ಲಿ ವೈಜ್ಞಾನಿಕ ಕತೆಗಳ ಅಭಿಮಾನಿಗಳು ತಾವೇ ಟೈಪ್ ಮಾಡಿ, ಪ್ರತಿ ತೆಗೆದು, ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಯಾರ ಅಪ್ಪಣೆಗೂ ಕಾಯಲಿಲ್ಲ.

ಈಗ ಸಮಯದ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಎರಡು ವಿಷಯ: ‘ಹನ್ನೊಂದು ಪ್ರಬಂಧ’ ಮತ್ತು ‘ತಿಂಗಳಿಗೊಮ್ಮೆ’. ಎರಡನ್ನೂ ಬಿಡಿ. ತಿಂಗಳಿಗೊಮ್ಮೆ ಪತ್ರಿಕೆ ತರುವುದು ಸಂಬಳಕ್ಕೆ ಜನರನ್ನು ಇಟ್ಟುಕೊಂಡ ನಮಗೇ ಏದುಸಿರು. ನಿಮ್ಮ ಮೊದಲ ಸಂಚಿಕೆಗೆ ‘1’ ಅಂತ ಮಾತ್ರ ಹಾಕಿ, ತಿಂಗಳ ಹೆಸರು ಬೇಡ. ಎರಡನೆಯದು ಯಾವಾಗ ಬಂದರೂ ಯಾರೂ ಕೇಳುವುದಿಲ್ಲ.

ಗಾತ್ರವನ್ನು ಇವತ್ತೇ ಗೊತ್ತುಮಾಡಿ: 16 ಪುಟ. ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಿಸಿದರೆ ಎ5 ಅಳತೆಯ 16 ಪುಟ ಆಗುತ್ತದೆ. ರಕ್ಷಾಪುಟ, ಹಿಂಬದಿ, ಪರಿವಿಡಿ ಕಳೆದರೆ ಉಳಿಯುವುದು 13. ಕನ್ನಡದಲ್ಲಿ ಒತ್ತಕ್ಷರಗಳು ಒಂದಕ್ಕೊಂದು ತಾಗದಂತೆ ಸಾಲುಗಳನ್ನು ಬಿಡಿಸಿ ಹಾಕಿದರೆ, 11 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಹೆಚ್ಚುಕಡಿಮೆ 180 ಪದ ಹಿಡಿಸುತ್ತದೆ. ಅಂದರೆ ಎರಡು ಪ್ರಬಂಧ, ಬಹಳ ಆದರೆ ಮೂರು. ಇಷ್ಟನ್ನು ದಣಿದ ಮನುಷ್ಯರೂ ಮುಗಿಸಬಹುದು. ಹನ್ನೊಂದನ್ನೂ ಹಿಡಿದು ಕೂತರೆ ಮುಂದಿನ ವರ್ಷವೂ ನನಗೆ ಇದೇ ಪತ್ರ ಬರೆಯುತ್ತೀರಿ.

ಪ್ರಬಂಧಗಳು ಪುಟ ಮೀರುತ್ತವೆ, ಅದು ಗ್ಯಾರಂಟಿ. ಅಕ್ಷರ ಚಿಕ್ಕದು ಮಾಡಬೇಡಿ, ಮೊದಲ ಪ್ಯಾರಾ ತೆಗೆದು ನೋಡಿ. ನಮಗೆ ಬರುವ ಪ್ರಬಂಧಗಳಲ್ಲಿ ಬಹಳಷ್ಟು ನಿಜವಾಗಿ ಶುರುವಾಗುವುದು ಎರಡನೇ ಪ್ಯಾರಾದಲ್ಲಿ. ಮೊದಲನೆಯದು ಗಂಟಲು ಸರಿ ಮಾಡಿಕೊಳ್ಳುವುದು ಇದ್ದ ಹಾಗೆ. ಈ ತಿದ್ದುವ ಕೆಲಸ ತಲೆ ಚುರುಕಾಗಿರುವ ಹೊತ್ತಿಗೆ ಇರಲಿ, ರಜೆಯ ದಿನದ ಬೆಳಿಗ್ಗೆಯಾದರೆ ಒಳ್ಳೆಯದು. ತ್ರಾಣವಿಲ್ಲದ ಸಂಜೆಗಳಿಗೆ ಕೈಕೆಲಸ ಇಟ್ಟುಕೊಳ್ಳಿ. ಅದು ಬೇಕಾದಷ್ಟಿದೆ.

ಮೊದಲ ಕೈಕೆಲಸ, ಡಮ್ಮಿ, ಅಂದರೆ ಪುಸ್ತಕದ ಖಾಲಿ ಮಾದರಿ. ನಾಲ್ಕು ಖಾಲಿ ಹಾಳೆ ಒಟ್ಟಿಗೆ ಮಡಿಸಿ, ಪುಸ್ತಕದ ಹಾಗೆ ತಿರುವುತ್ತಾ ಪೆನ್ಸಿಲ್‌ನಲ್ಲಿ 1ರಿಂದ 16 ಹಾಕಿ. ಬಿಡಿಸಿ ನೋಡಿದರೆ ಹೊರಗಿನ ಹಾಳೆಯಲ್ಲಿ 16ರ ಪಕ್ಕ 1, ಅದರ ಬೆನ್ನಿಗೆ 2 ಮತ್ತು 15 ಇರುತ್ತವೆ. ಯಾವ ಮಗ್ಗುಲು ನೋಡಿದರೂ ಎರಡು ಅಂಕಿ ಕೂಡಿದರೆ 17. ಬರದಿದ್ದರೆ ಎಲ್ಲೋ ಪುಟ ತಪ್ಪಿದೆ ಅಂತ ಅರ್ಥ. ಕಂಪ್ಯೂಟರಿನಲ್ಲಿ ಬುಕ್‌ಲೆಟ್ ಅಂತ ಕೊಟ್ಟರೆ ಈ ಜೋಡಣೆ ತಾನಾಗಿಯೇ ಆಗುತ್ತದೆ, ನಿಜ. ಆದರೂ ಡಮ್ಮಿ ಕೈಯಲ್ಲಿದ್ದರೆ ಧೈರ್ಯ. ಎರಡೂ ಬದಿ ಮುದ್ರಿಸುವಾಗ ಹಾಳೆ ಚಿಕ್ಕ ಅಂಚಿನ ಕಡೆಯಿಂದ ತಿರುಗುವ ಆಯ್ಕೆ ಒತ್ತಿ. ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಜೆರಾಕ್ಸ್ ಅಂಗಡಿಗೆ ಕೊಡುವುದಾದರೆ ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಸೇರಿಸಿ ಕೊಡಿ. ವರ್ಡ್ ಕಡತ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ದಿಕ್ಕಾಪಾಲಾದಾವು.

ಮಾಮೂಲಿ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟುವುದಿಲ್ಲ. ಉದ್ದ ತೋಳಿನದು ಸಿಗದಿದ್ದರೆ ಸೂಜಿ ದಾರ ಸಾಕು. ಮಡಿಕೆಯ ಮೇಲೆ ಮೂರು ತೂತು ಮಾಡಿ. ನಡುವಿನ ತೂತಿನಿಂದ ದಾರ ಹೊರಗೆ ಹೋಗಲಿ, ಮೇಲಿನದರಿಂದ ಒಳಗೆ, ಕೆಳಗಿನದರಿಂದ ಮತ್ತೆ ಹೊರಗೆ, ಕೊನೆಗೆ ನಡುವಿನದರಿಂದ ಒಳಗೆ. ಒಳಗಿನ ಉದ್ದ ದಾರವನ್ನು ನಡುವೆ ಹಿಡಿದು ಎರಡು ತುದಿಗಳನ್ನು ಗಂಟು ಹಾಕಿ. ಕೈ ಪಳಗಿದರೆ ಹಾಡು ಕೇಳುತ್ತಾ ಹೊಲಿಯಬಹುದು.

ಪ್ರತಿ ಮೂವತ್ತು ಮಾಡಿ. ಅಚ್ಚುಮನೆಯ ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ ಮಾಡುವ ಖರ್ಚು ಇರುವುದರಿಂದ ಜಾಸ್ತಿ ಪ್ರತಿ ಹಾಕಿದರೇ ಅಗ್ಗ. ಜೆರಾಕ್ಸ್‌ಗೆ ಆ ಕಟ್ಟುಪಾಡಿಲ್ಲ, ಮುಗಿದಾಗ ಇನ್ನಷ್ಟು ತೆಗೆದರಾಯಿತು. ಮಂಚದ ಕೆಳಗೆ ಕಟ್ಟುಗಟ್ಟಲೆ ಉಳಿದ ಪ್ರತಿಗಳು ಎರಡನೇ ಸಂಚಿಕೆಯನ್ನು ಕೊಂದುಬಿಡುತ್ತವೆ. ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕೈಯಿಂದ ಕೈಗೆ ಹಂಚುವುದಕ್ಕೆ ಅದು ಬೇಕಿಲ್ಲ.

ಆಫೀಸಿನಲ್ಲಿ ಸಾರುತ್ತಾ ಹೋಗಬೇಕಿಲ್ಲ. ಆದರೆ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ಒಮ್ಮೆ ಓದಿ. ಹೊರಗಿನ ಕೆಲಸಕ್ಕೆ, ಅದರಲ್ಲೂ ದುಡ್ಡು ಬರುವಂಥದ್ದಕ್ಕೆ, ಅನುಮತಿ ಬೇಕು ಅಂತ ಅದರಲ್ಲಿ ಬರೆದಿರಬಹುದು. ಅಲ್ಲಿನ ಲ್ಯಾಪ್‌ಟಾಪ್, ಪ್ರಿಂಟರ್ ಮುಟ್ಟಲೇಬೇಡಿ. ಸಹೋದ್ಯೋಗಿಗಳ ಬಗ್ಗೆ ಬರೆದಿದ್ದರೆ ಹೆಸರು ಬದಲಿಸಿದರೆ ಸಾಲದು, ಅವರೇ ಓದಿದಾಗ ತಮ್ಮ ಗುರುತು ಹತ್ತುತ್ತದೆಯೇ ನೋಡಿ. ಹತ್ತುವುದಾದರೆ ಆ ಪ್ರಬಂಧ ಈ ಸಂಚಿಕೆಗೆ ಬೇಡ, ಹೇಗೂ ಇನ್ನೂ ಹತ್ತಿವೆ.

ನಿಮಗೂ ಹೆಸರು ಹಾಕಲು ಇಷ್ಟವಿಲ್ಲದಿದ್ದರೆ ಕಾವ್ಯನಾಮ ಇಟ್ಟುಕೊಳ್ಳಿ, ಬರಹದ ಹಕ್ಕು ಎಲ್ಲೂ ಹೋಗುವುದಿಲ್ಲ. ಕೊನೆಯ ಪುಟದಲ್ಲಿ ಒಂದು ಇಮೇಲ್ ವಿಳಾಸ ಮಾತ್ರ ಇರಲಿ, ಝೀನ್‌ಗೆಂದೇ ಹೊಸದಾಗಿ ತೆರೆದದ್ದು. ಪ್ರಬಂಧ ಓದಿದವರಿಗೆ ಎದುರು ಮಾತಾಡಬೇಕು ಅನ್ನಿಸುವುದುಂಟು. ಅವರ ಪತ್ರಗಳಿಂದ ಎರಡನೇ ಸಂಚಿಕೆಯ ಒಂದು ಪುಟವಾದರೂ ತುಂಬುತ್ತದೆ.