80 ಡಿಗ್ರಿ ಬಿಸಿನೀರಿಗೆ 20 ಡಿಗ್ರಿ ತಣ್ಣೀರು ಬೆರೆಸಿದರೆ 50 ಏಕೆ ಆಗುವುದಿಲ್ಲ?

5 ಲೀಟರ್ ಬಿಸಿನೀರಿಗೆ 10 ಲೀಟರ್ ತಣ್ಣೀರು ಬೆರೆಸಿದ್ದೀರಿ. 80 ಮತ್ತು 20ರ ಸರಾಸರಿ 50 ಆದರೂ ನೀರು ಅಷ್ಟು ಬಿಸಿ ಇಲ್ಲವಲ್ಲ ಎಂಬುದು ನಿಮ್ಮ ಪ್ರಶ್ನೆ. ಎರಡೂ ಸಮನಾಗಿದ್ದರೆ ನಿಮ್ಮ 50 ಸರಿ. ಆದರೆ ನಿಮ್ಮ ಬಕೆಟ್‌ನಲ್ಲಿ ತಣ್ಣೀರು ಇಮ್ಮಡಿ ಇದೆ.

ಬಿಸಿನೀರು ಬಿಟ್ಟುಕೊಟ್ಟ ಶಾಖವೇ ತಣ್ಣೀರಿಗೆ ಸೇರುತ್ತದೆ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಬೇಕು, ತಣಿಯುವಾಗ ಅಷ್ಟನ್ನೇ ಬಿಡುತ್ತದೆ. ಹಾಗಾಗಿ 5 ಲೀಟರ್ 40 ಡಿಗ್ರಿ ಇಳಿಯುವಷ್ಟರಲ್ಲಿ 10 ಲೀಟರ್ 20 ಡಿಗ್ರಿ ಮಾತ್ರ ಏರುತ್ತದೆ. ಉತ್ತರ 40. ಕೈಬದಲಾದ ಶಾಖ ಸುಮಾರು 840 ಕಿಲೋಜೂಲ್. ಹೀಗೆ ತೂಕವನ್ನೂ ಸೇರಿಸಿ ಲೆಕ್ಕ ಹಾಕುವ ಸೂತ್ರ ಕೊಟ್ಟವನು 18ನೇ ಶತಮಾನದ ಸೇಂಟ್ ಪೀಟರ್ಸ್‌ಬರ್ಗ್‌ನ ರಿಚ್‌ಮನ್. ಪಾಪ, 1753ರಲ್ಲಿ ಗುಡುಗುಮಳೆಯ ವಿದ್ಯುತ್ತನ್ನು ಅಳೆಯಲು ಹೋಗಿ ಸಿಡಿಲಿಗೆ ಬಲಿಯಾದ.

ನಾನು ಇದನ್ನೇ ಮನೆಯಲ್ಲಿ ಅಳೆದಾಗ ಸಿಕ್ಕಿದ್ದು 38. ಮೊದಲು ಸ್ಟೀಲ್ ಬಕೆಟ್ಟನ್ನು ದೂರಿದೆ. ಆದರೆ ಒಂದು ಕಿಲೋ ಸ್ಟೀಲ್ ಹೀರುವುದು ಹತ್ತು ಕಿಲೋಜೂಲ್‌ನಷ್ಟು, ಕಾಲು ಡಿಗ್ರಿಯೂ ಕಡಿಮೆಯಾಗದು. ನಿಜವಾದ ಕಳ್ಳ ಆವಿ. ಒಲೆಯಿಂದ ಬಚ್ಚಲಿಗೆ ಹೊತ್ತು ತಂದು ಸುರಿಯುವಷ್ಟರಲ್ಲೇ ಬಿಸಿನೀರು 74ಕ್ಕೆ ಇಳಿದಿತ್ತು. ಆವಿಯಾಗುವ ಪ್ರತಿ ಗ್ರಾಂ ನೀರು ಎರಡು ಕಿಲೋಜೂಲ್‌ಗೂ ಹೆಚ್ಚು ಶಾಖವನ್ನು ಹೊತ್ತೊಯ್ಯುತ್ತದೆ.

ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ, ಯಾವುದನ್ನು ಮೊದಲು ಸುರಿದಿರಿ ಎಂಬುದು. 80 ಡಿಗ್ರಿಯ ಒಂದು ಲೀಟರ್ ನೀರು 972 ಗ್ರಾಂ, 20 ಡಿಗ್ರಿಯದು 998 ಗ್ರಾಂ. ತಣ್ಣೀರಿನ ಮೇಲೆ ಬಿಸಿನೀರನ್ನು ಮೆಲ್ಲಗೆ ಸುರಿದರೆ ಹಗುರಾದ ಬಿಸಿನೀರು ಮೇಲೆಯೇ ನಿಲ್ಲುತ್ತದೆ: ಮೊದಲ ಚೊಂಬು ಮೈ ಸುಡುತ್ತದೆ, ಕೊನೆಯದು ನಡುಗಿಸುತ್ತದೆ. ಬಿಸಿಯ ಮೇಲೆ ತಣ್ಣೀರು ಸುರಿದರೆ ಅದು ತಳಕ್ಕೆ ಇಳಿಯುತ್ತಾ ತಾನಾಗಿಯೇ ಬೆರೆಯುತ್ತದೆ. ಆದರೂ ಮಗುವಿನ ಸ್ನಾನಕ್ಕಾದರೆ ತಣ್ಣೀರನ್ನೇ ಮೊದಲು ಹಾಕಿ. ಬರಿಯ ಬಿಸಿನೀರಿನ ಬಕೆಟ್ ಒಂದು ಕ್ಷಣವೂ ಮಗುವಿನ ಕೈಗೆಟುಕುವಂತೆ ಇರಬಾರದು. ಆಮೇಲೆ ಬಿಸಿನೀರು ಬೆರೆಸಿ, ತಳದವರೆಗೆ ಚೆನ್ನಾಗಿ ಕಲಕಿ, ಮೊಣಕೈ ಅದ್ದಿ ನೋಡಿ.