ಬಾಲ್ಟಿಕ್ ಕ್ರೂಸ್‌ಗೆ ಹೊರಟ ಹಿರಿಯರಿಗೆ: ಹಡಗು ನಿಜವಾಗ್ಲೂ ಎಲ್ಲಿ ನಿಲ್ಲತ್ತೆ ಅಂತ ಮೊದ್ಲು ನೋಡಿ

ಪ್ರಶ್ನೆ: ನಾನು, ನಮ್ಮ ಯಜಮಾನ್ರು ಇಬ್ರೂ ರಿಟೈರ್ ಆಗಿದ್ದೀವಿ. ಮಕ್ಕಳು ಸೇರ್ಕೊಂಡು ಕೋಪನ್‌ಹೇಗನ್‌ನಿಂದ ಹೊರಡೋ ಬಾಲ್ಟಿಕ್ ಕ್ರೂಸ್ ಬುಕ್ ಮಾಡ್ಕೊಟ್ಟಿದ್ದಾರೆ, ಜೂನ್ ಕೊನೇಲಿ. ಲಿಸ್ಟಲ್ಲಿ ಬರ್ಲಿನ್, ಪೋಲೆಂಡ್‌ನ ಗ್ಡಾನ್ಸ್ಕ್, ಲಿಥುವೇನಿಯಾದ ಕ್ಲೈಪೆಡಾ, ಲಾಟ್ವಿಯಾದ ರಿಗಾ, ಎಸ್ಟೋನಿಯಾದ ಟ್ಯಾಲಿನ್, ಹೆಲ್ಸಿಂಕಿ, ಸ್ಟಾಕ್‌ಹೋಮ್ ಅಂತ ಇದೆ. ಹಡಗಿನವರು ಪ್ರತಿ ಊರಿಗೂ ಟೂರ್ ಮಾರ್ತಾರೆ, ಇಬ್ರಿಗೂ ಸೇರಿ ಆಗೋ ದುಡ್ಡು ನೋಡಿ ತಲೆ ತಿರುಗ್ತು. ಯಜಮಾನ್ರಿಗೆ ಮಂಡಿ ನೋವಿದೆ, ಒಪ್ಕೊಳಲ್ಲ ಅಷ್ಟೆ. ಎಲ್ಲಾ ಕಡೆ ಟೂರ್ ತಗೋಬೇಕಾ, ನಾವೇ ಇಳಿದು ಸುತ್ತಬಹುದಾ?

ಉತ್ತರ: ಮೇಡಂ, ಎಲ್ಲಾ ಕಡೆ ಖಂಡಿತ ಬೇಡ, ಆದ್ರೆ ಯಾವ್ದಕ್ಕೆ ಬೇಕು ಯಾವ್ದಕ್ಕೆ ಬೇಡ ಅನ್ನೋದನ್ನ ಊರಿನ ಹೆಸರು ನೋಡಿ ಹೇಳಕ್ಕಾಗಲ್ಲ, ಹಡಗು ಎಲ್ಲಿ ಲಂಗರು ಹಾಕತ್ತೆ ಅನ್ನೋದನ್ನ ನೋಡಿ ಹೇಳ್ಬೇಕು. ನಿಮ್ಮ ಲಿಸ್ಟಲ್ಲಿ ಮೊದಲನೇ ಹೆಸರನ್ನೇ ತಗೊಳ್ಳಿ. ಬರ್ಲಿನ್‌ಗೆ ಸಮುದ್ರವೇ ಇಲ್ಲ! ಹಡಗು ನಿಲ್ಲೋದು ವಾರ್ನೆಮ್ಯುಂಡೆ ಅನ್ನೋ ಕಡಲತೀರದ ಪುಟ್ಟ ಊರಲ್ಲಿ, ಅಲ್ಲಿಂದ ಬರ್ಲಿನ್‌ಗೆ ಬಸ್ಸಲ್ಲಾಗ್ಲಿ ರೈಲಲ್ಲಾಗ್ಲಿ ಹೋಗಕ್ಕೇ ಸುಮಾರು ಮೂರು ಗಂಟೆ, ಬರಕ್ಕೆ ಇನ್ನೊಂದು ಮೂರು. ಅಂದ್ರೆ ಇಡೀ ದಿನ ಸೀಟಲ್ಲಿ ಕೂತು, ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಒಂದು ಫೋಟೋ ತೆಗ್ಸಿ, ಬರ್ಲಿನ್ ಗೋಡೆಯ ತುಂಡೊಂದನ್ನ ನೋಡಿ, ಓಡಿ ವಾಪಸ್. ಮಂಡಿ ನೋವಿರೋರಿಗೆ ಇದು ಶಿಕ್ಷೆ. ನನ್ನ ಕೇಳಿದ್ರೆ ಆ ದಿನ ವಾರ್ನೆಮ್ಯುಂಡೆಯಲ್ಲೇ ಇಳೀರಿ, 1898ರ ಲೈಟ್‌ಹೌಸ್ ಇದೆ, ಅಗಲವಾದ ಮರಳಿನ ಬೀಚ್ ಇದೆ, ಕಾಲುವೆ ಪಕ್ಕ ಕೂತು ಕಾಫಿ ಕುಡೀಬಹುದು, ಮನಸ್ಸು ಬಂದ್ರೆ ಲೋಕಲ್ ರೈಲು ಹತ್ತಿ ರೋಸ್ಟಾಕ್ ನೋಡ್ಕೊಂಡು ಬನ್ನಿ. ಬರ್ಲಿನ್ ನೋಡ್ಲೇಬೇಕಂದ್ರೆ ಇನ್ನೊಂದು ಸಲ ವಿಮಾನದಲ್ಲಿ ಹೋಗಿ ನಾಲ್ಕು ದಿನ ಇರಿ.

ಗ್ಡಾನ್ಸ್ಕ್ ಕಥೆನೂ ಹೆಚ್ಚುಕಮ್ಮಿ ಹೀಗೇ, ದೊಡ್ಡ ಹಡಗುಗಳು ಸಾಮಾನ್ಯವಾಗಿ ಗ್ಡಿನಿಯಾದಲ್ಲಿ ನಿಲ್ತಾವೆ. ಆದ್ರೆ ದೂರ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಅಷ್ಟೇ, ಲೋಕಲ್ ರೈಲು ಆಗಾಗ ಇರತ್ತೆ. ಇಲ್ಲಿ ಮಾತ್ರ ನಾನು ಟೂರ್ ತಗೊಳ್ಳಿ ಅಂತೀನಿ, ಯಾಕಂದ್ರೆ ಬಂದರಿನಿಂದ ಸ್ಟೇಷನ್‌ಗೆ ಹೋಗೋದೇ ಒಂದು ತಾಪತ್ರಯ, ಮತ್ತೆ ಈ ಊರಿಗೆ ಕಥೆ ಹೇಳೋರೊಬ್ರು ಜೊತೆಗಿದ್ರೆ ಚೆನ್ನ. 1939ರ ಸೆಪ್ಟೆಂಬರ್ 1ರ ಬೆಳಗಿನ ಜಾವ ಜರ್ಮನಿಯ ಯುದ್ಧನೌಕೆ ಗುಂಡು ಹಾರಿಸಿದ ವೆಸ್ಟರ್‌ಪ್ಲಾಟೆ ಇಲ್ಲೇ ಇರೋದು, ಎರಡನೇ ಮಹಾಯುದ್ಧ ಶುರುವಾದ ಜಾಗಗಳಲ್ಲಿ ಒಂದು. 1980ರಲ್ಲಿ ಲೇಖ್ ವಲೆನ್ಸಾ ಮುಂದಾಳತ್ವದಲ್ಲಿ ಕಾರ್ಮಿಕರು ಮುಷ್ಕರ ಕೂತು ಸಾಲಿಡಾರಿಟಿ ಸಂಘ ಹುಟ್ಟಿಸಿದ ಶಿಪ್‌ಯಾರ್ಡೂ ಇದೇ ಊರಲ್ಲಿ. ಈಗ ನೀವು ನೋಡೋ ಚೆಂದದ ಬಣ್ಣದ ಮನೆಸಾಲುಗಳಿವೆಯಲ್ಲ, ಅವುಗಳಲ್ಲಿ ಬಹುಪಾಲು ಯುದ್ಧದಲ್ಲಿ ಪುಡಿಪುಡಿಯಾಗಿ ಆಮೇಲೆ ಮತ್ತೆ ಕಟ್ಟಿದ್ದು. ಇದು ಗೊತ್ತಿಲ್ದೆ ನಡೆದ್ರೆ ಬರೀ ಸಿನಿಮಾ ಸೆಟ್ ಥರ ಕಾಣತ್ತೆ.

ಇನ್ನು ಟ್ಯಾಲಿನ್, ರಿಗಾ, ಕ್ಲೈಪೆಡಾ ಮೂರಕ್ಕೂ ಟೂರಿಗೆ ದುಡ್ಡು ಸುರೀಬೇಡಿ. ಮೂರರಲ್ಲೂ ಬಂದರಿನಿಂದ ಹಳೇ ಊರಿಗೆ ನಡ್ಕೊಂಡೇ ಹೋಗಬಹುದು. ಟ್ಯಾಲಿನ್‌ನಲ್ಲಂತೂ ಹಡಗಿಂದ ಇಳೀತಿದ್ದಂಗೇ ಓಲೆವಿಸ್ಟೆ ಚರ್ಚಿನ ಚೂಪು ಗೋಪುರ ಕಣ್ಣಿಗೆ ಬೀಳತ್ತೆ, ಅದನ್ನ ನೋಡ್ಕೊಂಡು ನಿಧಾನಕ್ಕೆ ನಡೆದ್ರೂ ಇಪ್ಪತ್ತು ನಿಮಿಷದಲ್ಲಿ ಕೋಟೆ ಗೋಡೆ ಒಳಗಿರ್ತೀರಿ. ಟೌನ್ ಹಾಲ್ ಚೌಕದ ಮೂಲೇಲಿ ಒಂದು ಔಷಧಿ ಅಂಗಡಿ ಇದೆ, ರಾಯೆಪ್ಟೇಕ್ ಅಂತ, 1422ರ ದಾಖಲೆಯಲ್ಲೇ ಅದರ ಹೆಸರು ಬರತ್ತೆ, ಈಗ್ಲೂ ಅಲ್ಲಿ ಮಾತ್ರೆ ಮಾರ್ತಾರೆ. ಮಂಡಿಗೆ ಮುಲಾಮು ಬೇಕಿದ್ರೆ ಅಲ್ಲೇ ತಗೊಳ್ಳಿ, ನೆನಪಿಗೂ ಆಯ್ತು!

ಮಂಡಿ ವಿಷ್ಯ ಬಂತಲ್ಲ, ಟ್ಯಾಲಿನ್‌ನಲ್ಲಿ ಒಂದು ಗಮನಿಸಿ. ಹಳೇ ಊರಿಂದ ಮೇಲಿನ ಟೋಂಪಿಯಾ ಗುಡ್ಡಕ್ಕೆ ಹತ್ತಕ್ಕೆ ಎರಡು ದಾರಿ, ಪಿಕ್ ಯಾಲ್ಗ್ ಅನ್ನೋದು ಉದ್ದ ಆದ್ರೆ ಇಳಿಜಾರು ರಸ್ತೆ, ಲ್ಯುಹಿಕೆ ಯಾಲ್ಗ್ ಅನ್ನೋದು ಗಿಡ್ಡ ಆದ್ರೆ ಮೆಟ್ಟಿಲು. ಯಜಮಾನ್ರನ್ನ ಮೊದಲನೇದ್ರಲ್ಲೇ ಕರ್ಕೊಂಡು ಹೋಗಿ, ಅದೂ ಬೇಡ ಅಂದ್ರೆ ಟ್ಯಾಕ್ಸಿ ಮಾಡಿ ನೇರ ಮೇಲೆ ಹೋಗಿ ಇಳಿಯೋವಾಗ ಮಾತ್ರ ನಡೀರಿ. ಮೇಲೆ ಕೊಹ್ಟುವೊಟ್ಸ ಅಂತ ಒಂದು ಕಟ್ಟೆ ಇದೆ, ಅಲ್ಲಿಂದ ನೋಡಿದ್ರೆ ಕೆಂಪು ಹೆಂಚಿನ ಮಾಡುಗಳು, ಅದರಾಚೆ ಸಮುದ್ರ, ಬಂದರಲ್ಲಿ ನಿಮ್ಮದೇ ಹಡಗು. ಇಡೀ ಹಳೇ ಊರು ಗುಂಡುಕಲ್ಲು ಹಾಸಿದ ರಸ್ತೆ, ಮಳೆ ಬಿದ್ರೆ ಜಾರತ್ತೆ, ಆದ್ರಿಂದ ಹೊಸ ಶೂ ಹಾಕ್ಕೊಂಡು ಹೋಗ್ಬೇಡಿ, ಗಟ್ಟಿ ಸೋಲ್ ಇರೋ ಹಳೇ ಶೂನೇ ಇರ್ಲಿ, ಮಡಚೋ ಕೋಲು ಒಂದು ಬ್ಯಾಗಲ್ಲಿರ್ಲಿ, ಬೇಕಾದ್ರೆ ಅದು ನಿಮಗೆ ಅಂತ ಹೇಳಿ ತಗೊಂಡು ಹೋಗಿ.

ರಿಗಾ ಸಮತಟ್ಟು, ಮಂಡಿಗೆ ಆರಾಮ. ಹಡಗು ದೌಗಾವಾ ನದಿ ಒಳಗೇ ಬಂದು ನಿಲ್ಲತ್ತೆ. ಹಳೇ ಊರಿನ ಬ್ಲ್ಯಾಕ್‌ಹೆಡ್ಸ್ ಹೌಸ್ ಅನ್ನೋ ವರ್ತಕರ ಸಂಘದ ಕಟ್ಟಡದ ಮುಂದೆ ಎಲ್ರೂ ಫೋಟೋ ತೆಗಿಸ್ಕೋತಾರೆ, ತಪ್ಪೇನಿಲ್ಲ, ಆದ್ರೆ ನೀವು ಸೆಂಟ್ರಲ್ ಮಾರ್ಕೆಟ್ ತಪ್ಪಿಸ್ಕೋಬೇಡಿ. ಮೊದಲನೇ ಮಹಾಯುದ್ಧದ ಕಾಲದ ಜೆಪ್ಪೆಲಿನ್ ಅನ್ನೋ ದೈತ್ಯ ಗಾಳಿಹಡಗುಗಳ ಶೆಡ್ಡುಗಳಿದ್ವಲ್ಲ, ಅವುಗಳ ಮೇಲ್ಛಾವಣಿ ತಂದು ಐದು ಮಾರುಕಟ್ಟೆ ಹಾಲ್ ಕಟ್ಟಿ 1930ರಲ್ಲಿ ಓಪನ್ ಮಾಡಿದ್ರು. ಒಳಗೆ ಹೋದ್ರೆ ಒಂದು ಹಾಲಲ್ಲಿ ಬರೀ ಮೀನು, ಒಂದ್ರಲ್ಲಿ ಹಾಲು ಚೀಸು, ಒಂದ್ರಲ್ಲಿ ಡ್ರಮ್ಮುಗಟ್ಲೆ ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸು, ಸೌತೆಕಾಯಿ, ಅಜ್ಜಿಯಂದ್ರು ಒಂದು ಚೂರು ರುಚಿಗೆ ಕೊಡ್ತಾರೆ. ಟೈಮಿದ್ರೆ ಅಲ್ಬೆರ್ತಾ ಬೀದಿಗೆ ಟ್ಯಾಕ್ಸಿ ಮಾಡಿ, ಮಿಖಾಯಿಲ್ ಐಸೆನ್‌ಸ್ಟೈನ್ ಅನ್ನೋ ಎಂಜಿನಿಯರ್ ಕಟ್ಟಿಸಿದ ಮನೆಗಳ ಮುಖಭಾಗದ ಮೇಲೆಲ್ಲ ಕಿರುಚೋ ಮುಖಗಳು, ಸಿಂಹಗಳು. ಸಿನಿಮಾ ಡೈರೆಕ್ಟರ್ ಸೆರ್ಗೆ ಐಸೆನ್‌ಸ್ಟೈನ್ ಅವರ ಅಪ್ಪ ಇವ್ರು.

ಕ್ಲೈಪೆಡಾ ಸಣ್ಣದು, ಎರಡು ಗಂಟೆ ಸಾಕು, ಉಳಿದ ಟೈಮಲ್ಲಿ ಫೆರಿ ಹತ್ತಿ ಎದುರಿಗಿರೋ ಸ್ಮಿಲ್ಟಿನೆಗೆ ಹೋಗಿ, ಕೆಲವೇ ನಿಮಿಷದ ಪಯಣ, ಆಚೆ ಕಡೆ ಪೈನ್ ಕಾಡು ದಾಟಿದ್ರೆ ಬಿಳಿ ಮರಳಿನ ತೀರ. ಅದೇ ಕ್ಯೂರೋನಿಯನ್ ಸ್ಪಿಟ್, ಸಮುದ್ರಕ್ಕೂ ಹಿನ್ನೀರಿಗೂ ಮಧ್ಯೆ ಇರೋ ಸಪೂರ ಮರಳಿನ ಪಟ್ಟಿ. ದೊಡ್ಡ ಮರಳುಗುಡ್ಡ ನೋಡಕ್ಕೆ ಐವತ್ತು ಕಿಲೋಮೀಟರ್ ದೂರದ ನಿಡಾಗೆ ಹೋಗ್ಬೇಕು, ಅದಕ್ಕೆ ಮಾತ್ರ ಟೂರ್ ಓಕೆ.

ಸ್ಟಾಕ್‌ಹೋಮ್ ಅಂತ ಬರೆದಿದ್ರೆ ಟಿಕೆಟ್ಟಲ್ಲಿ ಪಕ್ಕದಲ್ಲಿ ಬ್ರಾಕೆಟ್ ಒಳಗೆ ನ್ಯೂನೆಸ್‌ಹಾಮ್ನ್ ಅಂತ ಇದ್ಯಾ ನೋಡಿ. ಇದ್ರೆ ಸಿಟಿಗೆ ರೈಲಲ್ಲಿ ಒಂದು ಗಂಟೆ. ಇಲ್ದೆ ಸಿಟಿ ಒಳಗೇ ಬಂದ್ರೆ ನೀವು ಅದೃಷ್ಟವಂತರು, ಯಾಕಂದ್ರೆ ಹಡಗು ಗಂಟೆಗಟ್ಲೆ ದ್ವೀಪಗಳ ಮಧ್ಯೆ ನುಸುಳ್ಕೊಂಡು ಬರತ್ತೆ, ಸಣ್ಣ ಬಂಡೆ ದೊಡ್ಡ ಬಂಡೆ ಎಲ್ಲಾ ಸೇರಿ ಮೂವತ್ತು ಸಾವಿರದ ಹತ್ರ ಇದಾವಂತೆ, ಎಷ್ಟೋ ದ್ವೀಪಗಳ ಮೇಲೆ ಒಂದು ಕೆಂಪು ಮರದ ಮನೆ, ಒಂದು ದೋಣಿ. ಬೆಳಿಗ್ಗೆ ನಾಲ್ಕೂವರೆಗೇ ಎದ್ದು ಡೆಕ್ ಮೇಲೆ ಹೋಗಿ, ಬ್ರೇಕ್‌ಫಾಸ್ಟ್ ಎಲ್ಲಿಗೂ ಓಡಿಹೋಗಲ್ಲ. ಸಿಟೀಲಿ ಒಂದೇ ಒಂದು ನೋಡ್ಬೇಕಂದ್ರೆ ವಾಸಾ ಮ್ಯೂಸಿಯಂ. 1628ರಲ್ಲಿ ರಾಜನ ಹೊಸ ಯುದ್ಧನೌಕೆ ಜನರ ಕಣ್ಮುಂದೆ ಹೊರಟು, ಒಂದೂಕಾಲು ಕಿಲೋಮೀಟರ್ ಚಿಲ್ಲರೆ ಹೋಗಿ, ಒಂದು ಗಾಳಿಗೆ ವಾಲಿ ಮುಳುಗೋಯ್ತು, ಮೇಲ್ಭಾರ ಜಾಸ್ತಿ ಆಗಿತ್ತು. 1961ರಲ್ಲಿ ಮೇಲೆತ್ತಿದಾಗ ಮರ ಇನ್ನೂ ಗಟ್ಟಿ. ಕಾರಣ ಬಾಲ್ಟಿಕ್ ನೀರಲ್ಲಿ ಉಪ್ಪು ತೀರಾ ಕಮ್ಮಿ, ಹಡಗಿನ ಮರ ಕೊರೆದು ತಿನ್ನೋ ಹುಳ ಇಲ್ಲಿ ಬದುಕಲ್ಲ.

ಹೆಲ್ಸಿಂಕೀಲಿ ಬಂದರಿಂದ ಟ್ರಾಮೋ ಬಸ್ಸೋ ಹತ್ತಿ ಮಾರ್ಕೆಟ್ ಚೌಕ, ಅಲ್ಲಿಂದ ಸಿಟಿ ಟಿಕೆಟ್ಟಲ್ಲೇ ಫೆರಿ ಹತ್ತಿ ಸುವೊಮೆನ್‌ಲಿನ್ನಾ ಕೋಟೆ ದ್ವೀಪ. ಅಷ್ಟು ಸಾಕು.

ಆಮೇಲೆ ಜೂನ್ ಕೊನೆ ಅಂದ್ರಿ, ತಾರೀಖು ಒಮ್ಮೆ ನೋಡ್ಕೊಳ್ಳಿ. ಮಿಡ್‌ಸಮರ್ ಹಬ್ಬ ಆಗ್ಲೇ ಬರೋದು, ಲಾಟ್ವಿಯಾ, ಎಸ್ಟೋನಿಯಾದಲ್ಲಿ 23, 24 ಎರಡೂ ರಜೆ, ಸ್ವೀಡನ್ ಫಿನ್ಲೆಂಡ್‌ನಲ್ಲಿ ಆ ಸುಮಾರಿನ ಶುಕ್ರವಾರ ಶನಿವಾರ. ಜನ ಎಲ್ಲಾ ಹಳ್ಳಿಗೆ, ಬೇಸಿಗೆ ಮನೆಗೆ ಹೋಗ್ಬಿಡ್ತಾರೆ, ಹೆಲ್ಸಿಂಕಿ ಬೀದಿ ಖಾಲಿ, ಎಷ್ಟೋ ಅಂಗಡಿ ಮ್ಯೂಸಿಯಂ ಬಂದ್.

ಪ್ರಶ್ನೆ: ವೀಸಾ ಎಷ್ಟು ತಗೋಬೇಕು? ದೇಶಕ್ಕೊಂದಾ?

ಉತ್ತರ: ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯೋ ಷೆಂಗೆನ್ ವೀಸಾ ಒಂದೇ ಸಾಕು ಸರ್, ಈ ದಾರೀಲಿ ಬರೋ ಡೆನ್ಮಾರ್ಕ್, ಜರ್ಮನಿ, ಪೋಲೆಂಡ್, ಮೂರು ಬಾಲ್ಟಿಕ್ ದೇಶ (ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ), ಫಿನ್ಲೆಂಡ್, ಸ್ವೀಡನ್ ಎಲ್ಲಾ ಅದರೊಳಗೇ. ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅವರ ಹತ್ರ ಅರ್ಜಿ ಹಾಕ್ಬೇಕು, ಎಲ್ಲಾ ಕಡೆ ಸಮ ಅಂದ್ರೆ ಮೊದ್ಲು ಕಾಲಿಡೋ ದೇಶ. ಪ್ರಯಾಣಕ್ಕೆ ಆರು ತಿಂಗಳು ಮುಂಚಿಂದಲೇ ಹಾಕಬಹುದು, ಕೊನೇ ಘಳಿಗೆಗೆ ಇಟ್ಕೋಬೇಡಿ. ಕಮ್ಮಿ ಅಂದ್ರೂ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕೇಳ್ತಾರೆ, ನಿಮ್ಮ ವಯಸ್ಸಿಗೆ ಅದಕ್ಕಿಂತ ಜಾಸ್ತೀನೇ ಮಾಡಿಸಿ, ಹಡಗಿನ ಡಾಕ್ಟರ್ ಫೀಸ್ ಬಾಯಿಗೆ ಬಂದಷ್ಟು. ಹಡಗು ಇಂಗ್ಲೆಂಡ್‌ನಿಂದ ಹೊರಡೋದಾದ್ರೆ ಬ್ರಿಟನ್ ವೀಸಾ ಬೇರೆ ಬೇಕು.

ಪ್ರಶ್ನೆ: ನಮ್ಮ ಸ್ನೇಹಿತರು ಹೋದಾಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಎರಡು ದಿನ ಇತ್ತಂತೆ. ಈಗ ಯಾವ ಪ್ಯಾಕೇಜಲ್ಲೂ ಕಾಣ್ತಿಲ್ಲ.

ಉತ್ತರ: 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ್ಮೇಲೆ ದೊಡ್ಡ ಕ್ರೂಸ್ ಕಂಪನಿಗಳು ಅದನ್ನ ಕೈಬಿಟ್ವು. ಆ ಎರಡು ದಿನದ ಜಾಗಕ್ಕೆ ಈಗ ಸಣ್ಣ ಊರುಗಳು ಬಂದಿವೆ. ಅಲ್ಲಿನ ಹರ್ಮಿಟೇಜ್ ಮ್ಯೂಸಿಯಂ ಇಲ್ಲ ಅನ್ನೋದು ನಷ್ಟವೇ, ಆದ್ರೆ ಅದರ ಬದ್ಲು ವಿಸ್ಬಿ ಸಿಕ್ಕಿದ್ರೆ ಗೊಣಗಬೇಡಿ. ಸ್ವೀಡನ್ನಿನ ಗೋಟ್ಲೆಂಡ್ ದ್ವೀಪದಲ್ಲಿದೆ, ಮೂರು ಕಿಲೋಮೀಟರ್‌ಗಿಂತ ಉದ್ದದ ಮಧ್ಯಯುಗದ ಕೋಟೆ ಗೋಡೆ ಸುತ್ತ ಹಾಗೇ ನಿಂತಿದೆ, ಒಳಗೆ ಮಾಡು ಇಲ್ದಿರೋ ಪಾಳು ಚರ್ಚುಗಳು, ಬೇಸಿಗೇಲಿ ಮನೆಮನೆ ಬಾಗಿಲಿಗೂ ಗುಲಾಬಿ ಬಳ್ಳಿ.

ಪ್ರಶ್ನೆ: ಹಡಗು ಬಿಟ್ಟು ಹೋಗ್ಬಿಟ್ರೆ ಏನ್ಮಾಡೋದು ಅನ್ನೋ ಭಯಕ್ಕೇ ನಾವು ಟೂರ್ ತಗೋತೀವಿ. ಸರಿ ತಾನೇ?

ಉತ್ತರ: ಭಯ ಸುಳ್ಳಲ್ಲ. ಹಡಗಿನವರದ್ದೇ ಟೂರ್ ಬಸ್ ಲೇಟಾದ್ರೆ ಕಾಯ್ತಾರೆ, ನೀವಾಗೇ ಹೋಗಿ ಲೇಟಾದ್ರೆ ಕಾಯಲ್ಲ. ಆದ್ರೆ ಜನಕ್ಕೆ ಹಡಗು ತಪ್ಪಿಹೋಗೋದು ದಾರಿ ತಪ್ಪಿ ಅಲ್ಲ, ಗಡಿಯಾರ ತಪ್ಪಿ. ಪೋಲೆಂಡ್‌ನಿಂದ ಲಿಥುವೇನಿಯಾಗೆ ಬಂದ ತಕ್ಷಣ ಟೈಮ್ ಒಂದು ಗಂಟೆ ಮುಂದೆ, ಮೊಬೈಲ್ ತಾನಾಗೇ ಬದಲಾಗತ್ತೆ, ಹಡಗಿನ ಟೈಮ್ ಬದಲಾಗಿರಬಹುದು ಅಥವಾ ಇಲ್ದೇ ಇರಬಹುದು. ಸ್ವೀಡನ್ ಕಡೆ ಬಂದ್ರೆ ಮತ್ತೆ ಒಂದು ಗಂಟೆ ಹಿಂದೆ. ಅದಕ್ಕೇ ಒಂದು ಹಳೇ ಕೈಗಡಿಯಾರಕ್ಕೆ ಹಡಗಿನ ಟೈಮ್ ಇಟ್ಟು ಕಟ್ಕೊಳ್ಳಿ, ಹತ್ತಬೇಕಾದ ಕೊನೇ ಟೈಮ್ ಗ್ಯಾಂಗ್‌ವೇ (ಹಡಗು ಹತ್ತಿ ಇಳಿಯೋ ಸೇತುವೆ) ಹತ್ರ ಬೋರ್ಡಲ್ಲಿ ಹಾಕಿರ್ತಾರೆ, ಅದರ ಫೋಟೋ ತೆಗೆದಿಟ್ಕೊಂಡು ಇಳೀರಿ, ಒಂದು ಗಂಟೆ ಮುಂಚೆನೇ ವಾಪಸ್ ಬನ್ನಿ. ಸಮುದ್ರದ ಮಧ್ಯೆ ಇದ್ದಾಗ ಫೋನ್ ಏರೋಪ್ಲೇನ್ ಮೋಡಲ್ಲಿರ್ಲಿ, ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡ್ಕೊಂಡ್ರೆ ಬಿಲ್ ನೋಡಿ ಅಳು ಬರತ್ತೆ.

ಪ್ರಶ್ನೆ: ವಾಂತಿ ಬರತ್ತಾ? ಸಸ್ಯಾಹಾರಿಗಳಿಗೆ ಊಟ ಸಿಗತ್ತಾ? ನೋಟು ಯಾವ್ದು ಒಯ್ಯೋದು?

ಉತ್ತರ: ಬಾಲ್ಟಿಕ್ ಸುತ್ತ ನೆಲ ಇರೋ ಕಡಲು, ಮಹಾಸಾಗರದ ಥರ ಉದ್ದುದ್ದ ಅಲೆ ಇರಲ್ಲ, ಗಾಳಿ ಎದ್ದ ದಿನ ಮಾತ್ರ ಗಿಡ್ಡ ಗಿಡ್ಡ ಅಲೆ ಕುಲುಕತ್ತೆ. ಹಡಗಿನ ನಡುಭಾಗದಲ್ಲಿ ಕೆಳಗಿನ ಡೆಕ್ಕಿನ ಕ್ಯಾಬಿನ್ ಕೇಳಿ. ಹಡಗಲ್ಲಿ ಮೊದ್ಲೇ ಹೇಳಿದ್ರೆ ಸಸ್ಯಾಹಾರ ಸಿಗತ್ತೆ. ಊರುಗಳಲ್ಲಿ, ಪೋಲೆಂಡ್‌ನ ಆಲೂಗಡ್ಡೆ ಚೀಸು ತುಂಬಿದ ಪಿಯೆರೋಗಿ ಅನ್ನೋ ಕಡುಬು ಚೆನ್ನಾಗಿರತ್ತೆ, ಆದ್ರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸ್ತಾರೆ, ಬೇಡ ಅಂತ ಆರ್ಡರ್ ಮಾಡೋವಾಗ್ಲೇ ಹೇಳಿ. ಲಿಥುವೇನಿಯಾದಲ್ಲಿ ಬೇಸಿಗೆಗೆ ತಣ್ಣನೆ ಗುಲಾಬಿ ಬಣ್ಣದ ಸೂಪ್ ಕೊಡ್ತಾರೆ, ಬೀಟ್‌ರೂಟ್ ಮೊಸರುಬಜ್ಜಿಗೆ ನೀರು ಬೆರೆಸಿದಂಗೆ, ಬೇಯಿಸಿದ ಮೊಟ್ಟೆ ಮಾತ್ರ ತೆಗೆಸಿ. ದುಡ್ಡು, ಮೂರು ಬಾಲ್ಟಿಕ್ ದೇಶ, ಫಿನ್ಲೆಂಡ್, ಜರ್ಮನಿಗೆ ಯೂರೋ, ಪೋಲೆಂಡ್‌ಗೆ ಜ್ಲೋಟಿ, ಡೆನ್ಮಾರ್ಕ್ ಸ್ವೀಡನ್‌ಗೆ ಅವರವರ ಕ್ರೋನಾ. ಎರಡು ಕಾರ್ಡ್ ಇಟ್ಕೊಂಡು ಸ್ವಲ್ಪ ಯೂರೋ ನೋಟು, ಟಾಯ್ಲೆಟ್ಟಿಗೆ ಚಿಲ್ಲರೆ ಇದ್ರೆ ಆಯ್ತು, ಸ್ವೀಡನ್‌ನಲ್ಲಂತೂ ಎಷ್ಟೋ ಅಂಗಡೀಲಿ ನೋಟೇ ಮುಟ್ಟಲ್ಲ.

ಪ್ರಶ್ನೆ: ಅಲ್ಲಿ ಅಂಬರ್ ಸರ ಅಗ್ಗ ಅಂತಾರೆ. ಅಸಲಿ ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಅಂಬರ್ ಅಂದ್ರೆ ಕಲ್ಲಲ್ಲ, ಕೋಟ್ಯಂತರ ವರ್ಷದ ಹಿಂದಿನ ಮರದ ಅಂಟು, ಆದ್ರಿಂದ ಕೈಗೆ ಹಗುರ, ಮುಟ್ಟಿದ್ರೆ ಗಾಜಿನ ಥರ ತಣ್ಣಗಿರಲ್ಲ. ಒಂದು ಲೋಟ ನೀರಿಗೆ ಕರಗೋವಷ್ಟೂ ಉಪ್ಪು ಹಾಕಿ ಬಿಡಿ ಮಣಿ ಬಿಟ್ರೆ ಅಸಲಿ ತೇಲತ್ತೆ, ಗಾಜು ಮುಳುಗತ್ತೆ, ಸುಮಾರು ಪ್ಲಾಸ್ಟಿಕ್ಕೂ ಮುಳುಗತ್ತೆ. ಆದ್ರೆ ಕೋಪಲ್ ಅನ್ನೋ ಎಳೇ ಅಂಟೂ ತೇಲತ್ತೆ, ಅದನ್ನೇ ಅಂಬರ್ ಅಂತ ಮಾರೋರಿದ್ದಾರೆ. ಒಳಗೆ ದೊಡ್ಡ ಜೇಡವೋ ಚೇಳೋ ನೀಟಾಗಿ ಕಾಲು ಚಾಚಿ ಕೂತಿದ್ದು ಬೆಲೆ ಕಮ್ಮಿ ಇದ್ರೆ ತಿರುಗಿ ನೋಡದೆ ಬನ್ನಿ. ಗ್ಡಾನ್ಸ್ಕ್‌ನ ಮಾರಿಯಾಟ್ಸ್ಕಾ ಬೀದಿ ಉದ್ದಕ್ಕೂ ಅಂಬರ್ ಅಂಗಡಿಗಳೇ, ನಾಲ್ಕು ಕಡೆ ರೇಟ್ ಕೇಳಿ, ಸರ್ಟಿಫಿಕೇಟ್ ಬರೆದು ಕೊಡೋ ಅಂಗಡೀಲೇ ತಗೊಳ್ಳಿ. ಬಂದರಿನ ಗೇಟ್ ಹತ್ರ ಟೇಬಲ್ ಹಾಕ್ಕೊಂಡು ಕೂತಿರೋರ ಹತ್ರ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಬಿಟ್ಟು ಬೇರೇನೂ ಬೇಡ.