ಅರ್ಧ ನಿಮಿಷದ ರೀಲ್ಸ್ ಮನಸ್ಸು ಮುಟ್ಟುತ್ತದೆಯೇ?

ರೀಲ್ಸ್, ಶಾರ್ಟ್ಸ್‌ಗಳಿಂದ ನಿಜವಾಗಿ ಮನಸ್ಸು ಕಲಕುವ ಅನುಭವ ಸಿಗುತ್ತದೆಯೇ, ಇಲ್ಲಾ ಅದೆಲ್ಲ ಬರೀ ಟೈಮ್‌ಪಾಸೇ ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ. ಆದರೆ ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಆ ಆಪ್‌ಗಳು ಬಿಡುವುದಿಲ್ಲ.

ಚಿಕ್ಕದು ಅಂತ ತಳ್ಳಿಹಾಕುವ ಹಾಗಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 1300 ವರ್ಷ ಹಳೆಯದು. ಸಾಧುವಿಗೆ ಸಾಧು, ಬಾಧಿಸುವವನಿಗೆ ವಿಪರೀತ ಎಂದು ಅದರ ಮೂರು ಸಾಲಿನ ತ್ರಿಪದಿ ಒಬ್ಬ ಮನುಷ್ಯನನ್ನು ಇಡಿಯಾಗಿ ಕಣ್ಣೆದುರು ನಿಲ್ಲಿಸುತ್ತದೆ. ನಮ್ಮ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ತವರನ್ನು ನೆನೆದು ಹಾಡಿದ್ದೂ ತ್ರಿಪದಿಯಲ್ಲೇ. ಹಾಡುವಾಗ ಎರಡನೇ ಸಾಲನ್ನು ಮತ್ತೆ ಹೇಳಿ ಮೂರನೆಯದಕ್ಕೆ ಹೋಗುತ್ತಿದ್ದರು. ಕಲ್ಲು ತಿರುಗುತ್ತಲೇ ಇರುತ್ತಿತ್ತು, ಹಾಡಿದ್ದು ಎದೆಗಿಳಿಯಲು ಪುರುಸೊತ್ತು ಇರುತ್ತಿತ್ತು.

ರೀಲ್ಸ್‌ನಲ್ಲಿ ಇಲ್ಲದ್ದು ಈ ಪುರುಸೊತ್ತು. ಈಚೆಗೆ ಒಂದು ವಿಡಿಯೊ ನೋಡಿದೆ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಅಪ್ಪನಿಗೆ ಹೇಳಲು ಎಪಿಎಂಸಿ ಯಾರ್ಡಿಗೇ ಹೋಗಿದ್ದಾಳೆ. ಆತ ಹಮಾಲಿ. ಬೆನ್ನ ಮೇಲಿನ ಮೂಟೆ ಇಳಿಸಿ, ಟವೆಲ್ಲಿಗೆ ಕೈ ಒರೆಸಿಕೊಂಡು, ರಿಸಲ್ಟಿನ ಪ್ರಿಂಟ್ ಇಸಿದುಕೊಂಡು ನೋಡುತ್ತಾನೆ. ಓದಲು ಬರುವುದಿಲ್ಲವೇನೋ, ನೀಟಾಗಿ ಮಡಚಿ ಅವಳ ಕೈಗೇ ಕೊಟ್ಟು, “ಉಂಡಿಯೇನವ್ವಾ?” ಅನ್ನುತ್ತಾನೆ. ಅಷ್ಟೇ. ನನಗೆ ಗಂಟಲು ಕಟ್ಟಿತು. ಅಷ್ಟರಲ್ಲಿ ಬೆರಳು ಸರಿದಿತ್ತು, ಮುಂದಿನ ವಿಡಿಯೊದಲ್ಲಿ ಯಾರೋ ನಾನ್‌ಸ್ಟಿಕ್ ತವಾ ಮಾರುತ್ತಿದ್ದರು.

2020ರಲ್ಲಿ ರೀಲ್ಸ್ ನಮ್ಮಲ್ಲಿ ಶುರುವಾದಾಗ 15 ಸೆಕೆಂಡಿನ ಮಿತಿಯಿತ್ತು. ಈಗ ಶಾರ್ಟ್ಸ್ 3 ನಿಮಿಷದವರೆಗೂ ಇರಬಹುದು. ಅವಧಿ ಹೆಚ್ಚಿದ್ದರಿಂದ ಈ ಕೊರತೆಯೇನೂ ನೀಗಿಲ್ಲ, ಏಕೆಂದರೆ ತೊಂದರೆ ಇರುವುದು ವಿಡಿಯೊ ಮುಗಿದ ಮರುಕ್ಷಣದಲ್ಲಿ.

ಆ ದಿನ ಹಿಂದಕ್ಕೆ ಹೋಗಿ ಅದೇ ವಿಡಿಯೊ ಇನ್ನೊಮ್ಮೆ ನೋಡಿ, ತಂಗಿಗೆ ಕಳಿಸಿ, ಆಪ್ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಅವಳದೇ ಫೋನ್. ನಮ್ಮಪ್ಪ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮೊದಲು ಪೆನ್ನನ್ನು ಅಂಗೈ ಮೇಲೆ ಗೀಚಿ ನೋಡುತ್ತಿದ್ದುದು ಅವಳಿಗೆ ನೆನಪಾಗಿತ್ತು. ಬಹಳ ಹೊತ್ತು ಮಾತಾಡಿದೆವು. ನೀವೂ ಹೀಗೆ ಮಾಡಿ ನೋಡಿ. ಮನಸ್ಸಿಗೆ ತಾಗಿದ್ದು ಸಿಕ್ಕ ತಕ್ಷಣ ಅಲ್ಲಿಗೇ ನಿಲ್ಲಿಸಿ, ಹತ್ತಿರದವರೊಬ್ಬರಿಗೆ ಕಳಿಸಿ.

ಹಾಗಂತ ಎಲ್ಲವೂ ಅರ್ಧ ನಿಮಿಷಕ್ಕೆ ಒಗ್ಗುವುದಿಲ್ಲ. ಯಕ್ಷಗಾನದ ಕ್ಲಿಪ್ಪಿನಲ್ಲಿ ಧಿಗಿಣ, ಅಂದರೆ ಹಾರಿ ಹಾರಿ ಸುತ್ತುವ ಕುಣಿತ, ನೋಡಿ ರೋಮಾಂಚನಗೊಳ್ಳಬಹುದು. ಕೃಷ್ಣ ಹುಟ್ಟಿನ ಗುಟ್ಟು ಹೇಳಿದಾಗ ಕರ್ಣನಿಗಾಗುವ ಸಂಕಟ ನಮ್ಮದೂ ಆಗಬೇಕಾದರೆ, ಅದಕ್ಕೆ ಮುಂಚಿನ ಆಟವನ್ನೆಲ್ಲ ಕೂತು ನೋಡಿರಬೇಕು. ಅದನ್ನು ರೀಲ್ಸಿನಿಂದ ನಿರೀಕ್ಷಿಸಬೇಡಿ.